ಬಾರ್ಶಿ ಲೈಟ್‌ನ ಎಂಜಿನ್ ಅಂಗೈ ಮೇಲೆ

ಮಿರಜ ಸ್ಟೇಶನ್ನಿನಲ್ಲಿ ಒಂದು ಕಾಲಕ್ಕೆ ಮೂರು ಅಳತೆಯ ಹಳಿಗಳಿದ್ದವು. ಪುಣೆ, ಕೊಲ್ಹಾಪುರದ ಕಡೆಗೆ 1676 ಮಿಲಿಮೀಟರಿನ ದೊಡ್ಡ ಹಳಿ. ಬೆಳಗಾವಿ, ಲೋಂಡಾ ಕಡೆಗೆ 1000 ಮಿಲಿಮೀಟರಿನ ಮೀಟರ್ ಗೇಜ್. ಪಂಢರಪುರದ ಕಡೆಗೆ 762 ಮಿಲಿಮೀಟರಿನ, ಅಂದರೆ ಬರೀ ಎರಡೂವರೆ ಅಡಿಯ ನ್ಯಾರೋ ಗೇಜ್. ರಾಯಬಾಗ, ಕುಡಚಿ ಕಡೆಯ ನಮ್ಮ ಹಿರಿಯರು ವಿಠ್ಠಲನ ದರ್ಶನಕ್ಕೆ ಹೊರಟರೆ ಮಿರಜದಲ್ಲಿ ಇಳಿದು, ಬುತ್ತಿಯ ಗಂಟು ಹೊತ್ತು, ಆ ಮೂರನೆಯ ಹಳಿಯ ಕಡೆಗೆ ಓಡುತ್ತಿದ್ದರು. ಸೀಟು ಹಿಡಿಯಬೇಕಲ್ಲ! ಸರ್ಕಾರಿ ಕಾಗದದಲ್ಲಿ ಅದರ ಹೆಸರು ಬಾರ್ಶಿ ಲೈಟ್ ರೈಲ್ವೆ. ನಮ್ಮ ಮನೆಗಳಲ್ಲಿ ಅದು ‘ಸಣ್ಣ ಗಾಡಿ’.

ಸಣ್ಣ ಗಾಡಿ ಈಗಿಲ್ಲ. ಅದೇ ದಾರಿಯಲ್ಲಿ ದೊಡ್ಡ ಹಳಿ ಬಂದು ವರ್ಷಗಳೇ ಆದವು. ಅದಕ್ಕಾಗಿ ಯಾರೂ ಕಣ್ಣೀರು ಹಾಕಲಿಲ್ಲ, ಹಾಕಬೇಕಾಗಿಯೂ ಇಲ್ಲ. ದೊಡ್ಡ ಗಾಡಿ ಬೇಗ ಹೋಗುತ್ತದೆ, ಮಿರಜದಲ್ಲಿ ಗಂಟು ಹೊತ್ತು ಓಡುವ ಕಷ್ಟವಿಲ್ಲ. ಆದರೆ ಆ ಹಳೆಯ ಎಂಜಿನ್ ಹೇಗಿತ್ತು ಎಂದು ಕೇಳಿದರೆ ನಮ್ಮ ವಯಸ್ಸಿನವರು ಯಾರೂ ಹೇಳಲಾರರು. ನಾವು ನಾಲ್ವರು ಗೆಳೆಯರು ಕಳೆದ ಎಂಟು ತಿಂಗಳಿಂದ ಆ ಎಂಜಿನ್ನಿನ ಪುಟ್ಟ ಮಾದರಿಯೊಂದನ್ನು ಮಾಡುತ್ತಿದ್ದೇವೆ. ಕಪಾಟಿನಲ್ಲಿ ಇಡುವ ಗೊಂಬೆಯಲ್ಲ, ಪುಟ್ಟ ಹಳಿಯ ಮೇಲೆ ಕರೆಂಟಿನಿಂದ ಓಡುವ ಮಾದರಿ.

ಪತ್ರಿಕೋದ್ಯಮ ಓದಿದವರಿಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಾವು ಮೊದಲು ಹೊರಟದ್ದು ಪಂಢರಪುರದ ಹಳೆಯ ಪ್ರಯಾಣಗಳ ನೆನಪು ದಾಖಲಿಸಲು. ಮೊಬೈಲ್ ಮುಂದೆ ಹಿಡಿದು “ಆ ಕಾಲದ ರೈಲಿನ ಬಗ್ಗೆ ಹೇಳಿರಿ” ಅಂದರೆ ಹಿರಿಯರು “ಚಲೋ ಇತ್ರಿ, ಭಾಳ ಗದ್ದಲ ಇರ್ತಿತ್ತು” ಅಂದು ಸುಮ್ಮನಾಗುತ್ತಿದ್ದರು. ಇಂಥ ಎರಡು ವಾಕ್ಯಗಳ ಸಂದರ್ಶನ ನಮ್ಮ ಹತ್ತಿರ ಹನ್ನೊಂದು ಇವೆ! ಒಂದು ದಿನ ನಮ್ಮಲ್ಲಿ ಒಬ್ಬಾಕೆ ರಟ್ಟಿನಲ್ಲಿ ಎಂಜಿನ್ನಿನ ಆಕಾರ ಕತ್ತರಿಸಿ, ಕಟ್ಟೆಯ ಮೇಲೆ ಕೂತ ಮೂವರು ಅಜ್ಜಂದಿರ ನಡುವೆ ಇಟ್ಟಳು. ಅಷ್ಟೇ ಸಾಕಾಯಿತು. “ಇಷ್ಟ ಉದ್ದ ಎಲ್ಲಿತ್ತೋ?” “ಏ, ಇತ್ತು, ನೀ ಬರೇ ಡಬ್ಬಿ ನೋಡಿದಾಂವ.” “ಹೊಗಿ ಕೊಳವಿ ಗಿಡ್ಡ ಇತ್ತು.” ಒಂದೂವರೆ ತಾಸು ಜಗಳ. ನಾವು ರೆಕಾರ್ಡಿಂಗ್ ಒತ್ತಿ ಸುಮ್ಮನೆ ಕೂತೆವು.

ಈಗ ಸ್ವಲ್ಪ ಈ ರೈಲಿನ ಹಿನ್ನೆಲೆ. ಮುಂಬೈಯಿಂದ ಸೊಲ್ಲಾಪುರಕ್ಕೆ ಬಂದ ದೊಡ್ಡ ರೈಲ್ವೆ ಬಾರ್ಶಿ ಪಟ್ಟಣವನ್ನು ಬದಿಗೆ ಬಿಟ್ಟು ಹೋಗಿತ್ತು. ಬಾರ್ಶಿ ಹತ್ತಿಯ ದೊಡ್ಡ ಪೇಟೆ. ಎವರಾರ್ಡ್ ಕಾಲ್ಥ್ರೋಪ್ ಎಂಬ ಇಂಗ್ಲಿಷ್ ಎಂಜಿನಿಯರ್ ಅಲ್ಲಿಗೆ ಎರಡೂವರೆ ಅಡಿಯ ಹಳಿ ಹಾಕಿ 1897ರಲ್ಲಿ ಗಾಡಿ ಓಡಿಸಿದ. ಇದೇ ಕಾಲ್ಥ್ರೋಪ್ ಮುಂದೆ ವಿಮಾನದಿಂದ ಹಾರುವವರಿಗಾಗಿ ಪ್ಯಾರಾಚೂಟ್ ಮಾಡಿದವನು. ತಲೆ ಸುಮ್ಮನಿರದ ಮನುಷ್ಯ. 1906ರಲ್ಲಿ ಹಳಿ ಪಂಢರಪುರ ಮುಟ್ಟಿತು, 1911ರಲ್ಲಿ ಲಾತೂರ, 1927ರಲ್ಲಿ ಮಿರಜ. ಒಟ್ಟು ಸುಮಾರು 325 ಕಿಲೋಮೀಟರ್. ಖಾಸಗಿ ಕಂಪನಿಯ ಈ ರೈಲ್ವೆಯನ್ನು ಸರ್ಕಾರ ಕೊಂಡದ್ದು 1954ರಲ್ಲಿ.

ಕಾಲ್ಥ್ರೋಪ್‌ನ ಲೆಕ್ಕ ರೈತನಿಗೆ ಕೂಡಲೇ ತಿಳಿಯುವಂಥದ್ದು. ಚಕ್ಕಡಿಯಲ್ಲಿ ಹೇರು ಮುಂದೆ ಹೆಚ್ಚಾದರೆ ನೊಗ ಎತ್ತಿನ ಕುತ್ತಿಗೆ ಒತ್ತುತ್ತದೆ, ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಭಾರ ಸಮನಾಗಿ ಹಂಚಿದರೆ ಅದೇ ಎತ್ತು ಹೆಚ್ಚು ಎಳೆಯುತ್ತದೆ. ಅವನು ಎಂಜಿನ್ ಇರಲಿ, ವ್ಯಾಗನ್ ಇರಲಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂದು ಕಟ್ಟು ಹಾಕಿಕೊಂಡ. ಆಗ ತೆಳುವಾದ ಹಳಿ ಸಾಕು. ಮೀಟರಿಗೆ ಸುಮಾರು 15 ಕಿಲೋ ತೂಗುವ ಹಳಿಯ ಮೇಲೆ ಅವನ ಗಾಡಿ ಓಡಿತು. ಇವತ್ತು ದೊಡ್ಡ ಮಾರ್ಗಗಳಲ್ಲಿ ಹಾಕುವ ಹಳಿ ಮೀಟರಿಗೆ 60 ಕಿಲೋ. ಖರ್ಚು ಕಡಿಮೆಯಾದ್ದರಿಂದಲೇ ಅಂಥ ಬರಗಾಲದ ಸೀಮೆಗೂ ರೈಲು ಬಂತು. ಈ ಸಮಭಾರದ ಮಾತು ನೆನಪಿಡಿ, ನಮ್ಮ ಪುಟ್ಟ ಎಂಜಿನ್ನಿನಲ್ಲಿ ಮತ್ತೆ ಬರುತ್ತದೆ.

ಇಂಗ್ಲೆಂಡಿನಲ್ಲಿ ಲೀಕ್ ಆ್ಯಂಡ್ ಮ್ಯಾನಿಫೋಲ್ಡ್ ಎಂಬ ಇನ್ನೊಂದು ಎರಡೂವರೆ ಅಡಿಯ ರೈಲು ಇತ್ತು. ಬಾರ್ಶಿಯ ಅನುಭವದ ಮೇಲೆ ಕಾಲ್ಥ್ರೋಪನೇ ಅದನ್ನೂ ರೂಪಿಸಿದ. ಉದ್ದ ಸುಮಾರು 13 ಕಿಲೋಮೀಟರ್, 1904ರಲ್ಲಿ ಶುರು, 1934ರಲ್ಲಿ ಬಂದ್. ಇದ್ದದ್ದೇ ಎರಡು ಎಂಜಿನ್. ಅದರಲ್ಲಿ ಒಂದಕ್ಕೆ ಅವನದೇ ಹೆಸರು. ಇಷ್ಟು ಸಣ್ಣ ರೈಲಿನ ಮೇಲೆ ಅಲ್ಲಿಯ ಹವ್ಯಾಸಿಗಳು ಪುಸ್ತಕ ಬರೆದಿದ್ದಾರೆ, ಅಳತೆಯ ನಕ್ಷೆ ಇಟ್ಟುಕೊಂಡಿದ್ದಾರೆ, ಮಾದರಿ ಮಾಡಿದ್ದಾರೆ. ಅದರ ಇಪ್ಪತ್ತೈದು ಪಟ್ಟು ಉದ್ದವಿದ್ದು, ನೂರು ವರ್ಷ ನಮ್ಮ ಅಜ್ಜ-ಅಜ್ಜಿಯರನ್ನು ಹೊತ್ತ ಬಾರ್ಶಿ ಲೈಟ್‌ನ ಮಾದರಿಯನ್ನು ನಾವು ಅಂಗಡಿಗಳಲ್ಲಿ ಹುಡುಕಿದೆವು. ಸಿಗಲಿಲ್ಲ. ಡಾರ್ಜಿಲಿಂಗ್ ಎಂಜಿನ್ ಸಿಗುತ್ತದೆ. ಸಿನಿಮಾದಲ್ಲಿ ಬಂದ ರೈಲಿಗೆ ಪೆಟ್ಟಿಗೆ ಸಿಗುತ್ತದೆ, ಜೋಳ-ಹತ್ತಿ ಹೊತ್ತ ರೈಲಿಗೆ ಸಿಗುವುದಿಲ್ಲ.

ಹಾಗಾದರೆ ದಾರಿ ಒಂದೇ. ಸಿಗುವ ಬೇರೆ ಯಾವುದೋ ಎಂಜಿನ್ ತಂದು, ಮೈ ತೆಗೆದು, ನಮ್ಮ ಮೈ ಹೊದಿಸುವುದು. ಜಗತ್ತಿನ ಎಲ್ಲ ಕಡೆ ಮೂಲೆ ರೈಲುಗಳ ಪ್ರೇಮಿಗಳು ಮಾಡುವುದು ಇದನ್ನೇ. ಟಿವಿಎಸ್ ಮೊಪೆಡ್ಡಿನ ಎಂಜಿನ್ ಕಿತ್ತು ಔಷಧ ಹೊಡೆಯುವ ಯಂತ್ರ ಮಾಡಿದವರನ್ನು ನಮ್ಮೂರುಗಳಲ್ಲಿ ನೀವು ನೋಡಿರುತ್ತೀರಿ. ಬುದ್ಧಿ ಅದೇ.

ಇಲ್ಲಿ ಲೆಕ್ಕ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ. ಅಂಗಡಿಯಲ್ಲಿ ಸಿಗುವ ಸಣ್ಣ ಮಾದರಿ ಹಳಿಗಳಲ್ಲಿ ಒಂದರ ಅಗಲ 9 ಮಿಲಿಮೀಟರ್. ನಾವು ಮಾಡಬೇಕಾದ್ದು 762 ಮಿಲಿಮೀಟರಿನ ಹಳಿ. ಎಲ್ಲವನ್ನೂ 87ರಿಂದ ಭಾಗಿಸಿದರೆ 762 ಎಂಬುದು 8.76 ಆಗುತ್ತದೆ. ಒಂಬತ್ತಕ್ಕೆ ಕಾಲು ಮಿಲಿಮೀಟರ್ ಮಾತ್ರ ಕಡಿಮೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ನಮ್ಮ ಲೋಕದಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಐದೂವರೆ ಅಡಿಯ ಡ್ರೈವರ್ ಅಲ್ಲಿ 19 ಮಿಲಿಮೀಟರ್ ಎತ್ತರ, ಅಂದರೆ ಕಿರುಬೆರಳಿನ ಮೇಲಿನ ಗೆಣ್ಣಿನಷ್ಟು.

ನಾವು ಆರಿಸಿಕೊಂಡದ್ದು ಬಾರ್ಶಿಯ ಎಫ್ ವರ್ಗದ ಎಂಜಿನ್. 1920ರ ದಶಕದಲ್ಲಿ ಮ್ಯಾಂಚೆಸ್ಟರ್ ಹತ್ತಿರದ ನಾಸ್ಮಿತ್ ವಿಲ್ಸನ್ ಕಾರ್ಖಾನೆಯಲ್ಲಿ ಆದದ್ದು. ಮುಂದೆ ಎರಡು ಪುಟ್ಟ ಚಕ್ರ, ನಡುವೆ ಎಳೆಯುವ ಎಂಟು ಚಕ್ರ, ಹಿಂದೆ ಮತ್ತೆರಡು ಪುಟ್ಟ ಚಕ್ರ, ಅದರ ಬೆನ್ನಿಗೆ ಕಲ್ಲಿದ್ದಲು-ನೀರಿನ ಟೆಂಡರ್. ಇದೇ ಚಕ್ರಗಳ ಜೋಡಣೆಯ, 9 ಮಿಲಿಮೀಟರ್ ಹಳಿಯ ಮೇಲೆ ಓಡುವ ಮಾದರಿ ಜಪಾನಿನ ಕಾಟೋ ಕಂಪನಿಯ ಡಿ-51. ನಿಜವಾದ ಡಿ-51 ಜಪಾನಿನ ಮನೆಮಾತು, 1115 ಎಂಜಿನ್ ಕಟ್ಟಿದ್ದರು. ಕಾಟೋ ಅದನ್ನು 150ರಲ್ಲಿ ಒಂದು ಪಾಲಿಗೆ ಇಳಿಸಿದೆ. ಅಸಲಿ ಡಿ-51ರ ಚಕ್ರ 1400 ಮಿಲಿಮೀಟರ್, ಮಾದರಿಯಲ್ಲಿ ಅದು 9.3. ಅದೇ 9.3 ನಮ್ಮ 87ರ ಲೆಕ್ಕದಲ್ಲಿ ಸುಮಾರು 812 ಮಿಲಿಮೀಟರಿನ ಚಕ್ರವಾಗುತ್ತದೆ. ಸಣ್ಣ ಗಾಡಿಗೆ ಒಪ್ಪುವ ಚಕ್ರ! ಅಂದರೆ ಜಪಾನಿನ ದೊಡ್ಡ ಎಂಜಿನ್ನಿನ ಕಾಲುಗಳು ಬಾರ್ಶಿಯ ಸಣ್ಣ ಎಂಜಿನ್ನಿಗೆ ಕೂಡುತ್ತವೆ. ಮೈ ಮಾತ್ರ ಹಿಗ್ಗಬೇಕು. ನೋಡುವವರ ಕಣ್ಣಿಗೆ ಸಣ್ಣ ಹಳಿಯ ಎಂಜಿನ್ ಎಂದು ಹೇಳುವುದೇ ಈ ಹಿಗ್ಗಿದ ಮೈ. ಪುಟ್ಟ ಚಕ್ರಗಳ ಮೇಲೆ ಮನುಷ್ಯ ನಿಲ್ಲುವಷ್ಟು ಎತ್ತರದ ಕ್ಯಾಬ್, ಹಳಿಯಿಂದ ಎರಡೂ ಬದಿಗೆ ಚಾಚಿದ ಮೈ.

ಸೆಕೆಂಡ್ ಹ್ಯಾಂಡ್ ಡಿ-51 ಒಂದನ್ನು ನಾಲ್ವರೂ ದುಡ್ಡು ಕೂಡಿಸಿ ತಂದೆವು. ಮೊತ್ತ ಹೇಳುವುದಿಲ್ಲ, ಈ ಬರಹವನ್ನು ನಮ್ಮ ಮನೆಯವರೂ ಓದುತ್ತಾರೆ.

ಅಳತೆ ಹಿಡಿಯುವ ಒಂದು ಉಪಾಯ ಹೇಳುತ್ತೇವೆ, ನಿಮ್ಮೂರಿನ ಹಳೆಯ ಯಾವ ಫೋಟೋಕ್ಕೂ ಉಪಯೋಗಕ್ಕೆ ಬರುತ್ತದೆ. ಫೋಟೋದಲ್ಲಿ ಅಳತೆ ಖಚಿತವಾಗಿ ಗೊತ್ತಿರುವ ಒಂದು ವಸ್ತು ಇದ್ದರೆ ಅದೇ ನಿಮ್ಮ ಸ್ಕೇಲು. ನಮಗೆ ಹಳಿಯ ಅಗಲ ಗೊತ್ತು, 762. ಎದುರಿನಿಂದ ತೆಗೆದ ಫೋಟೋದಲ್ಲಿ ಹಳಿಯ ಅಗಲದ ಎಷ್ಟು ಪಟ್ಟು ಮೈ ಇದೆ ಎಂದು ಎಣಿಸಿದರೆ ಎಂಜಿನ್ನಿನ ಅಗಲ ಸಿಕ್ಕಿತು. ಅದೇ ಫೋಟೋದಿಂದ ಕ್ಯಾಬಿನ ಎತ್ತರ. ಆ ಎತ್ತರವೇ ಬದಿಯಿಂದ ತೆಗೆದ ಫೋಟೋಕ್ಕೆ ಸ್ಕೇಲು. ಹೀಗೆ ಒಂದರಿಂದ ಒಂದು. ದೂರದ ತುದಿ ಚಿಕ್ಕದಾಗಿ ಕಾಣುವುದರಿಂದ ಎರಡು-ಮೂರು ಫೋಟೋ ತಾಳೆ ನೋಡಬೇಕು.

ಕಾಟೋದ ಮೈ ಬಿಚ್ಚಿ ಮೋಟಾರು, ಚಕ್ರ, ಸರಳುಗಳನ್ನು ಹಾಗೇ ಉಳಿಸಿಕೊಂಡೆವು. ಬಾಯ್ಲರಿಗೆ ಮನೆ ವೈರಿಂಗಿನ ಪೈಪು, ಮೋಟಾರು ಕೂರಲು ಕೆಳಗೆ ಸೀಳಿದ್ದು. ಕ್ಯಾಬಿಗೆ ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆ, ಬ್ಲೇಡು, ಫೆವಿಕ್ವಿಕ್. ಹೊಗೆ ಕೊಳವೆ ದನದ ಡಾಕ್ಟರು ಎಸೆದ ಸಿರಿಂಜಿನ ತುಂಡು, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದದ್ದು. ಮುಂದಿನ ದೀಪದ ಗಾಜಿಗೆ ಬ್ಲೌಸಿನ ಮೇಲೆ ಕೂರಿಸುವ ಹರಳು. ಟೇಲರ್ ಅಕ್ಕ ಒಂದು ಕೇಳಿದರೆ ಮುಷ್ಟಿ ತುಂಬ ಕೊಟ್ಟರು. ಟೆಂಡರಿನಲ್ಲಿರುವುದು ಮಾತ್ರ ನಿಜವಾದ ಕಲ್ಲಿದ್ದಲು. ಕಮ್ಮಾರರ ಕುಲುಮೆಯಿಂದ ಒಂದು ಚೂರು ತಂದು ಸುತ್ತಿಗೆಯಲ್ಲಿ ಕುಟ್ಟಿ, ಜರಡಿ ಹಿಡಿದು ತುಂಬಿದೆವು.

ಮೈ ಹೊದಿಸಿ ಹಳಿಗಿಟ್ಟರೆ ಚಕ್ರ ನಿಂತಲ್ಲೇ ಗರಗರ ತಿರುಗುತ್ತಿತ್ತು. ಕಾಟೋದ ಮೈ ಹೋಗಿ ನಮ್ಮ ಪ್ಲಾಸ್ಟಿಕ್ ಬಂದಿದೆ, ಭಾರವಿಲ್ಲ, ಹಿಡಿತವಿಲ್ಲ. ಕೃಷ್ಣಾ ನದಿಯ ಮೀನುಗಾರರು ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳು ನೆರವಿಗೆ ಬಂದವು. ಅವನ್ನು ತಟ್ಟಿ ಚಪ್ಪಟೆ ಮಾಡಿ ಬಾಯ್ಲರಿನೊಳಗೆ ತುರುಕುವ ಕೆಲಸವೇ ಎರಡು ಭಾನುವಾರ ಹಿಡಿಯಿತು. ಸೀಸ ಮುಂದೆ ಹೆಚ್ಚಾದರೆ ಹಿಂದಿನ ಜೋಡಿ ಹಗುರಾಗಿ ಕುಣಿಯುತ್ತದೆ, ಹಿಂದೆ ಹೆಚ್ಚಾದರೆ ಮುಂದಿನದು. ನಾಲ್ಕೂ ಅಚ್ಚಿನ ಮೇಲೆ ಭಾರ ಸಮ ಬಿದ್ದ ದಿನ ಎಂಜಿನ್ ನಾಲ್ಕು ಡಬ್ಬಿ ಎಳೆದುಕೊಂಡು ಹೊರಟಿತು. ಕಾಲ್ಥ್ರೋಪ್ ಸಾಹೇಬನಿಗೆ ಆ ದಿನ ಕೈಮುಗಿದೆವು.

ಇಷ್ಟಾದ ಮೇಲೆ ಎಂಜಿನ್ನನ್ನು ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ, ಬಸ್ಸು ಹಿಡಿದು ಜತ್ತ ತಾಲೂಕಿಗೆ ಹೋದೆವು. ಗೊತ್ತಿಲ್ಲದವರಿಗೆ ಹೇಳುತ್ತೇವೆ, ಜತ್ತ ಮಹಾರಾಷ್ಟ್ರದಲ್ಲಿದೆ, ಆದರೆ ಅಲ್ಲಿಯ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಮಿರಜ–ಪಂಢರಪುರ ಹಾದಿಯಲ್ಲಿ ಜತ್ತ ರೋಡ್ ಎಂಬ ಸ್ಟೇಶನ್ನೂ ಇದೆ. ಆ ತಾಲೂಕಿನ ಒಂದು ಹಳ್ಳಿಯಲ್ಲಿ ಸಣ್ಣ ಗಾಡಿಯ ಹಬೆ ಎಂಜಿನ್ನಿನ ಮೇಲೆ ಮೊದಲು ಖಲಾಸಿ, ಆಮೇಲೆ ಫಾಯರ್‌ಮನ್ ಆಗಿ ದುಡಿದ ಅಜ್ಜ ಇದ್ದಾರೆ ಎಂದು ತಿಳಿದಿತ್ತು. ವಯಸ್ಸು ಎಂಬತ್ತು ದಾಟಿದೆ. ಕಣ್ಣು ಮಂದ.

ಅಜ್ಜ ನೋಡಲಿಲ್ಲ, ಮುಟ್ಟಿದರು. ಮೊದಲು ಹೊಗೆ ಕೊಳವೆ, ಆಮೇಲೆ ಬಾಯ್ಲರಿನ ಬೆನ್ನು, ಆಮೇಲೆ ಕ್ಯಾಬು. ಕಿರುಬೆರಳನ್ನು ಕ್ಯಾಬಿನೊಳಗೆ ಹಾಕಿ ಸ್ವಲ್ಪ ಹೊತ್ತು ಹಾಗೇ ಇದ್ದರು. “ಇಲ್ಲಿ ನಿಂದರತಿದ್ನಿ” ಅಂದರು. ಬೆರಳು ಹೊರಗೆ ತೆಗೆದು ಮೂಸಿದರು. ಪೇಂಟಿನ ವಾಸನೆ ಬಂದಿರಬೇಕು, ಮುಖ ಕಿವುಚಿದರು. ಆಮೇಲೆ ಬೆರಳ ತುದಿಗೆ ಏನೋ ಅಂಟಿತು.

“ಏನಿದು ತಮ್ಮಾ, ಧೂಳ?”

ಧೂಳಲ್ಲ, ಬಣ್ಣ. ಮಾದರಿ ಮಾಡುವವರಲ್ಲಿ ಒಂದು ರೂಢಿ ಇದೆ. ಹೊಸ ಮಾದರಿ ಗೊಂಬೆಯ ಹಾಗೆ ಕಾಣಬಾರದೆಂದು ಅದರ ಮೇಲೆ ಮಸಿ, ತುಕ್ಕು, ಮಣ್ಣಿನ ಬಣ್ಣ ಲೇಪಿಸಿ ದುಡಿದು ದಣಿದ ಹಾಗೆ ಮಾಡುತ್ತಾರೆ. ಎಷ್ಟು ಹೊಲಸಾಗಿ ಕಂಡರೆ ಅಷ್ಟು ನೈಜ ಎಂಬ ನಂಬಿಕೆ. ನಾವೂ ಸೀಮೆಸುಣ್ಣದ ಪುಡಿ, ಮಸಿಪುಡಿ ಸೇರಿಸಿ ಒಂದು ವಾರ ಕೂತು ಮಾಡಿದ್ದೆವು. ಫೋಟೋ ನೋಡಿದ ಬೆಂಗಳೂರಿನ ಹವ್ಯಾಸಿ ಮಿತ್ರರು ಬಹಳ ಮೆಚ್ಚಿದ್ದರು. ಅಜ್ಜನಿಗೆ ಇದನ್ನೆಲ್ಲ ವಿವರಿಸಿದೆವು.

“ನಮ್ಮ ಎಂಜಿನ್ ಹೊಲಸ ಇತ್ತಂತ ಯಾರ ಹೇಳ್ಯಾರ ನಿಮಗ? ಮುಂಜಾನಿ ನಾಕಕ್ಕ ಎದ್ದು, ಎಣ್ಣಿ ಅರಬಿ ಹಿಡದು, ಗಾಲಿ ಸೈತ ಒರಸತಿದ್ವಿ. ಹಿತ್ತಾಳಿ ಅಂದ್ರ ಮಾರಿ ಕಾಣಬೇಕು ಹಂಗ. ಹೊಲಸ ಎಂಜಿನ್ ತಗೊಂಡು ವಿಠ್ಠಲನ ಊರಿಗೆ ಹೋಗೂದೇನು?”

ಅವರ ಸೊಸೆ ಬಾಗಿಲಲ್ಲಿ ನಿಂತು, “ಸಿಟ್ಟಿಗೇಳಬ್ಯಾಡ್ರಿ ಮಾವಾ, ಹುಡುಗರು ಪ್ರೀತಿಲೆ ಮಾಡ್ಯಾರ” ಅಂದರು. ಅಜ್ಜ ಸಿಟ್ಟಿನಲ್ಲಿರಲಿಲ್ಲ. ಅವರಿಗೆ ಇದು ಲೆಕ್ಕದ ಮಾತು. ಆಷಾಢ ಏಕಾದಶಿಯ ಜಾತ್ರೆಗೆ ಡಬ್ಬಿಯ ಮಾಳಿಗೆಯ ಮೇಲೂ ಜನ ಹತ್ತುತ್ತಿದ್ದರಂತೆ. ಆ ದಿನಗಳಲ್ಲಿ ಎಂಜಿನ್ನಿನ ಮುಂದೆ ಮಾವಿನ ತೋರಣ, ಒಳಗೆ ಉಪ್ಪು-ಮೆಣಸಿನಕಾಯಿ ರೊಟ್ಟಿ, ಒಂದು ಮಗಿಯಲ್ಲಿ ನೀರು. ಒರೆಸಿದ್ದಕ್ಕೆ ಯಾರೂ ಹೆಚ್ಚಿನ ಪಗಾರ ಕೊಡುತ್ತಿರಲಿಲ್ಲ. “ನಾವು ಒರಸಿದ್ದು ಯಾರಿಗೂ ಕಾಣೂದಿಲ್ಲೇನ್ ಇನ್ನ?” ಎಂದು ನಮ್ಮಲ್ಲಿ ಒಬ್ಬಾಕೆಯನ್ನು ಕೇಳಿದರು. ಅವಳು ಬ್ಯಾಗಿನಿಂದ ಕರವಸ್ತ್ರ ತೆಗೆದಳು. ಅಲ್ಲೇ ಕಟ್ಟೆಯ ಮೇಲೆ, ಅಜ್ಜನ ಮನೆಯ ಕೊಬ್ಬರಿ ಎಣ್ಣೆಯ ಎರಡು ಹನಿಯಿಂದ, ಒಂದು ವಾರದ ಹೊಲಸು ಹತ್ತು ನಿಮಿಷದಲ್ಲಿ ಹೋಯಿತು.

ಬೆಂಗಳೂರಿನ ಮಿತ್ರರು ಈಗಿನ ಫೋಟೋ ನೋಡಿ “ಮೊದಲಿನದೇ ಚೆನ್ನಾಗಿತ್ತು” ಅನ್ನುತ್ತಾರೆ. ಅವರು ಹೇಳುವುದರಲ್ಲೂ ನ್ಯಾಯವಿದೆ. ನಮಗೆ ಸಿಕ್ಕ ಫೋಟೋಗಳಲ್ಲಿ ಎಂಜಿನ್ನು ಮಸಿ ಹಿಡಿದೇ ಇದೆ. ಆದರೆ ಫೋಟೋ ತೆಗೆಯುವವರು ಬರುವುದು ಹಗಲಿನಲ್ಲಿ, ಗಾಡಿ ಅರ್ಧ ದಾರಿ ಓಡಿದ ಮೇಲೆ. ಬೆಳಗಿನ ನಾಲ್ಕಕ್ಕೆ ಶೆಡ್ಡಿನಲ್ಲಿ ಯಾವ ಕ್ಯಾಮೆರಾವೂ ಇರಲಿಲ್ಲ. ನಮ್ಮ ಎಂಜಿನ್ ಶೆಡ್ಡಿನಿಂದ ಈಗಷ್ಟೇ ಹೊರಬಂದ ಎಂಜಿನ್ ಎಂದು ಇಟ್ಟುಕೊಂಡಿದ್ದೇವೆ.

ಇನ್ನೊಂದು ಸಂಗತಿ ಇನ್ನೂ ಬಗೆಹರಿದಿಲ್ಲ. ಅಜ್ಜನ ಬೆರಳು ಎಂಜಿನ್ನಿಗೂ ಟೆಂಡರಿಗೂ ನಡುವಿನ ಸಂದಿಯಲ್ಲಿ ನಿಂತಿತು. ಫಾಯರ್‌ಮನ್ ಕಲ್ಲಿದ್ದಲು ತುಂಬುವುದು ಅಲ್ಲೇ ನಿಂತು. “ಒಂದ ಕಾಲ ಎಂಜಿನ್ ಮ್ಯಾಲ, ಒಂದ ಕಾಲ ಟೆಂಡರ್ ಮ್ಯಾಲ. ಎರಡೂ ಬ್ಯಾರೆ ಬ್ಯಾರೆ ಕುಣೀತಾವ. ನಡಕ ನಾವು” ಅಂದು ಧೋತರ ಸರಿಸಿ ಮೊಣಕಾಲ ಕೆಳಗಿನ ಉದ್ದನೆ ಗಾಯದ ಗುರುತು ತೋರಿಸಿದರು. ಅವರ ಹೇಳಿಕೆಯಂತೆ ಆ ಸಂದಿ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ನಮ್ಮ ಲೆಕ್ಕದಲ್ಲಿ ಮೂರು ಮಿಲಿಮೀಟರ್. ಸಂದಿ ಅಷ್ಟು ಕಿರಿದಾದರೆ ಮಾದರಿ ತಿರುವಿನಲ್ಲಿ ತಿರುಗುವುದಿಲ್ಲ, ಎಂಜಿನ್ನಿನ ಮೂಲೆ ಟೆಂಡರಿಗೆ ತಾಗಿ ಹಳಿ ತಪ್ಪುತ್ತದೆ. ನಿಜವಾದ ರೈಲಿನ ತಿರುವು ಎಷ್ಟೋ ವಿಶಾಲ. ನಮ್ಮ ತಿರುವು ಊಟದ ತಾಟಿನಷ್ಟು, ಯಾಕೆಂದರೆ ನಮ್ಮ ಹಳಿ ಹಾಸಿರುವುದು ಮಂಚದಷ್ಟು ಅಗಲದ ಹಲಗೆಯ ಮೇಲೆ.

ಇದರ ಮೇಲೆ ನಮ್ಮ ನಾಲ್ವರಲ್ಲಿ ಎರಡು ಪಕ್ಷ. ಸಂದಿ ಎಂಟು ಮಿಲಿಮೀಟರ್ ಇರಲಿ, ಗಾಡಿ ಓಡಬೇಕು, ನಿಂತ ಗಾಡಿಯನ್ನು ಮಕ್ಕಳು ಎರಡು ನಿಮಿಷವೂ ನೋಡುವುದಿಲ್ಲ ಎಂಬುದು ಒಂದು. ಅಜ್ಜನ ಕಾಲು ಅಷ್ಟು ಅಗಲಕ್ಕೆ ಮುಟ್ಟಲಾರದು, ಅವರ ಗಾಯ ಇರುವುದೇ ಆ ಸಂದಿಯಲ್ಲಿ ಎಂಬುದು ಇನ್ನೊಂದು. ಸದ್ಯಕ್ಕೆ ನಡುವಿನ ಕೊಂಡಿಗೆ ಎರಡು ತೂತು ಕೊರೆದಿದ್ದೇವೆ. ಓಡಿಸುವಾಗ ಉದ್ದದ ತೂತು, ತೋರಿಸುವಾಗ ಗಿಡ್ಡ ತೂತು. ಸಂದಿಯ ಮೇಲೆ ತಗಡಿನ ಒಂದು ಚೂರು ಹಾಸಿ, ಅದರ ಮೇಲೆ 19 ಮಿಲಿಮೀಟರಿನ ಫಾಯರ್‌ಮನ್‌ನನ್ನು ನಿಲ್ಲಿಸಿದ್ದೇವೆ. ಅವನ ಎಡಗಾಲು ಮಾತ್ರ ಅಂಟಿಸಿದೆ, ಬಲಗಾಲು ಬಿಡುವು. ತಿರುವಿನಲ್ಲಿ ಟೆಂಡರು ಬೇರೆ ಕಡೆ ವಾಲಿದಾಗ ಅವನ ಬಲಗಾಲ ಕೆಳಗೆ ಅದು ಜಾರುತ್ತದೆ.

ಈಗ ಡಬ್ಬಿಗಳ ಕೆಲಸ ನಡೆದಿದೆ. ಮಾಳಿಗೆಯ ಮೇಲೆ ಕೂರಿಸಲು ನಲವತ್ತು ಜನ ಬೇಕು, ಹದಿಮೂರು ಆಗಿದ್ದಾರೆ. ಅವರ ಪಟಕಾ, ಕಚ್ಚೆ ಸೀರೆಗಳ ಬಣ್ಣ ಹೇಳಲು ಅಜ್ಜಿಯಂದಿರು ಬೇಕಾಗಿದ್ದಾರೆ. ನಿಮ್ಮ ಮನೆಯಲ್ಲಿ ಮಿರಜದಿಂದ ಸಣ್ಣ ಗಾಡಿ ಹತ್ತಿದವರು ಇದ್ದರೆ, ಯಾವ ಬಣ್ಣದ ಸೀರೆ ಉಟ್ಟು ಹೋಗಿದ್ದರು ಎಂದು ಇವತ್ತೇ ಕೇಳಿ ನಮಗೆ ತಿಳಿಸಿ.